ಉಸುರದೆ ಓದುವುದು

ನನ್ನ ಗಂಟಲು ವಾಸಿಯಾಗಿದೆ. ಸಿಟ್ಟು ವಾಸಿಯಾಗಿಲ್ಲ. ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯಿಂದ ಎದ್ದು ಬಂದವನು ಎಲ್ಲರನ್ನೂ ಕ್ಷಮಿಸಿ, ತಿಳಿಯಾದ ಮುಖ ಹೊತ್ತು ಬರೆಯುತ್ತಾನೆಂದು ಕಾದಿದ್ದವರು ಇಲ್ಲೇ ಪುಟ ಮಡಚಬಹುದು. ನಾನು ಬರೆಯುತ್ತಿರುವುದು ಆಸ್ಪತ್ರೆಯ ಬೆಂಚಿನ ತುದಿಯಲ್ಲಿ, ಬಾಯಿಗೆ ಟವೆಲು ಅಡ್ಡ ಹಿಡಿದು ಕೂತು, ತಾನು ಯಾವ ಪಾಪ ಮಾಡಿದ್ದೆನೆಂದು ಹುಡುಕುತ್ತಿರುವವನಿಗೆ. ನೀನು ಏನೂ ಮಾಡಿಲ್ಲ. ಮಾಡಿದ್ದೀ ಎಂದು ಹೇಳಿದವರು ಯಾರು, ಅವರ ಮುಖ ನೆನಪಿಟ್ಟುಕೋ. ಹಾಸಿಗೆ ಹಿಡಿದವನಿಗೆ ನೆನಪಿಡಲು ಏನಾದರೂ ಬೇಕು.

ನನಗೆ ಹಾಗೆ ಹೇಳಿದವರು ಕೊಟ್ರಯ್ಯ ಶಾಸ್ತ್ರಿಗಳು. ಕುರುಗೋಡಿನಲ್ಲಿ ಪುರಾಣ ಹೇಳುವವರು. ಕುರುಗೋಡು ನಮ್ಮ ಅವ್ವನ ತವರು. ನಮ್ಮ ಮನೆ ಸಿರುಗುಪ್ಪದಲ್ಲಿ. ಅಪ್ಪ ತೀರಿಕೊಂಡ ಮೇಲೆ ಪ್ರತಿ ಶ್ರಾವಣಕ್ಕೂ ಅವ್ವ ನನ್ನನ್ನು ಕಟ್ಟಿಕೊಂಡು ತವರಿಗೆ ಹೋಗುತ್ತಿದ್ದಳು, ಗುಡಿಯ ಮುಂದಿನ ಚಾವಡಿಯಲ್ಲಿ ಕೂತು ಪುರಾಣ ಕೇಳುತ್ತಿದ್ದಳು.

ನಾನು ಆಗ ಬಳ್ಳಾರಿಯಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಓದಿದ್ದು ಕಡಿಮೆ, ವಾದ ಮಾಡಿದ್ದು ಹೆಚ್ಚು. ಚರ್ಚಾಕೂಟಕ್ಕೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಮೊದಲ ದಿನವೇ ಒಂದು ನಿಯಮ ಕೊಟ್ಟಿದ್ದರು. ಎದುರಾಳಿ ಒಂದು ಶಬ್ದಕ್ಕೆ ಹೇಳಿದ ಅರ್ಥವನ್ನು ನೀನು ಸುಮ್ಮನೆ ಒಪ್ಪಿಕೊಂಡರೆ ಅರ್ಧ ಸೋತಂತೆ. ಮೊದಲು ಶಬ್ದವನ್ನು ಹಿಡಿ, ಆಮೇಲೆ ಮನುಷ್ಯನನ್ನು ಹಿಡಿ. ಈ ನಿಯಮದ ಬಲದಿಂದ ಎರಡು ಕಪ್ಪು ಗೆದ್ದಿದ್ದೆ. ಬೇಕಾದ ಒಂದೇ ಒಂದು ಸಲ ಅದನ್ನು ಮರೆತೆ. ಅದರ ಕಥೆಯೇ ಇದು.

ಸ್ವಾತಂತ್ರ್ಯ ಬಂದ ಮರುವರ್ಷದ ಶ್ರಾವಣ. ಚಾವಡಿ ತುಂಬ ಜನ. ಶಾಸ್ತ್ರಿಗಳು ಎತ್ತರದ ಮಣೆಯ ಮೇಲೆ ಕೂತು, ಶಿವನು ಹೊರಗೆಲ್ಲೂ ಇಲ್ಲ, ಎದೆಯ ಗುಡಿಯಲ್ಲಿದ್ದಾನೆ ಎಂಬುದನ್ನು ಕಂಚಿನ ಕಂಠದಲ್ಲಿ ವಿವರಿಸುತ್ತಿದ್ದರು. ಕಂಠ ನಿಜವಾಗಿ ಕಂಚು. ಕೆರೆಯ ದಂಡೆಯಲ್ಲಿ ಎಮ್ಮೆ ಮೈತೊಳೆಯುವವರೂ ಆ ಪುರಾಣ ಕೇಳುತ್ತಿದ್ದರು. ನಾನು ಎದ್ದು ನಿಂತೆ.

"ಶಾಸ್ತ್ರಿಗಳ, ಒಂದು ಮಾತು ಕೇಳ್ಲೇನ್ರಿ?"

"ಕೇಳಪ. ಕೇಳಾಕ ಅಲ್ಲೇನು ಎಲ್ಲಾರೂ ಕುಂತಿರೋದು."

"ದೇವ್ರು ಎದಿಯಾಗ ಅದಾನ ಅಂದ್ರಿ. ಹಂಗಿದ್ರ ಕೆರಿ ದಂಡಿತನಕ ಕೇಳೋ ಹಂಗ ಓದೋದು ಯಾರಿಗ್ರಿ?"

ಹೆಂಗಸರ ಕಡೆಯಿಂದಲೇ ಮೊದಲು ನಗು ಬಂತು. ಆಮೇಲೆ ಇಡೀ ಚಾವಡಿ ನಕ್ಕಿತು. ಶಾಸ್ತ್ರಿಗಳು ಕನ್ನಡಕ ತೆಗೆದು ಶಲ್ಯದ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ನಾಲಿಗಿ ಚಲೋ ಐತಿ," ಎಂದರು. "ಆದ್ರ ಇಂಥಾದ್ದು ಬಾಳ ದಿವ್ಸ ನುಡಿಯಂಗಿಲ್ಲ ಬಿಡು."

ಯಾರೂ ನಗಲಿಲ್ಲ. ಅವ್ವ ನನ್ನ ಅಂಗಿಯ ಚುಂಗು ಹಿಡಿದು ಎಳೆದು ಕೂರಿಸಿದಳು.

ಸಂಕ್ರಾಂತಿಯ ಹೊತ್ತಿಗೆ ನನ್ನ ದನಿ ಒಡೆಯಿತು. ಮೊದಲು ಸಂಜೆಯ ಹೊತ್ತು ಮಾತ್ರ ಗೊಗ್ಗರು, ಆಮೇಲೆ ಇಡೀ ದಿನ. ಕಾಲೇಜಿನ ಕೊನೆಯ ಚರ್ಚೆಯಲ್ಲಿ ಬಳ್ಳಾರಿ ಯಾವ ಪ್ರಾಂತಕ್ಕೆ ಸೇರಬೇಕೆಂಬ ವಿಷಯದ ಮೇಲೆ ಮಾತಾಡಲು ನಿಂತೆ. ಮೂರನೆಯ ವಾಕ್ಯಕ್ಕೆ ಬಾಯಿಂದ ಬರೀ ಗಾಳಿ ಬಂತು. ಎದುರಾಳಿ ಎದ್ದು, "ನನ್ನ ಮಿತ್ರರು ಯಾವ ಪ್ರಾಂತಕ್ಕೆ ಸೇರುತ್ತಾರೋ ತಿಳಿಯದು, ಅವರ ದನಿಯಂತೂ ಆಗಲೇ ಗಡಿ ದಾಟಿದೆ," ಎಂದ. ಸಭೆ ಚಪ್ಪಾಳೆ ತಟ್ಟಿತು. ಒಳ್ಳೆಯ ಮಾತು, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೂ ಅವನ ಮುಖ ನೆನಪಿಟ್ಟುಕೊಂಡೆ.

ಸಿರುಗುಪ್ಪಕ್ಕೆ ಬಂದೆ. ಸಂಜೆಯಾದರೆ ಜ್ವರ, ಉಗುಳು ನುಂಗಿದರೆ ಕಿವಿಯವರೆಗೆ ನೋವು. ಅರಿಶಿನದ ಹಾಲು ಆಯಿತು, ಉಪ್ಪು ನೀರು ಆಯಿತು. ಅವ್ವ ಒಂದು ಬೆಳಗ್ಗೆ ಯಾರಿಗೂ ಹೇಳದೆ ಇದ್ದಿಲು ಉರಿಸಿ ಓಡುವ ಬಸ್ಸು ಹತ್ತಿ ಕುರುಗೋಡಿಗೆ ಹೋದಳು. ಸಂಜೆ ಬಂದಾಗ ಕಂಕುಳಲ್ಲಿ ತಾತನ ಪುಸ್ತಕ ಇತ್ತು.

ಈ ಪುಸ್ತಕದ ಬಗ್ಗೆ ಹೇಳಬೇಕು. ಅವ್ವನ ಅಪ್ಪ, ನಮ್ಮ ತಾತ, ಯಾರದೋ ಮನೆಯ ಓಲೆಗರಿಯಲ್ಲಿದ್ದ ಒಂದು ಶಾಸ್ತ್ರವನ್ನು ಐದಾರು ವರ್ಷ ಕೂತು ತನ್ನ ಕೈಯಾರೆ ಇಳಿಸಿಕೊಂಡಿದ್ದ ದಪ್ಪ ಹೊತ್ತಗೆ ಅದು. ಒಳಗಿರುವುದನ್ನು ಒಳಗೇ ಕಾಣುವುದು ಹೇಗೆ ಎಂಬುದೇ ಅದರ ವಿಷಯ. ತಾತ ಅದನ್ನು ದಿನಾ ಓದುತ್ತಿದ್ದ. ಮೊದಲ ಪುಟದ ನೆತ್ತಿಯ ಮೇಲೆ, ಶಾಸ್ತ್ರ ಶುರುವಾಗುವ ಮುಂಚೆ, ಕೆಂಪು ಮಸಿಯಲ್ಲಿ ತನ್ನದೇ ಒಂದು ಸೂಚನೆ ಬರೆದಿದ್ದ. ಎರಡೇ ಶಬ್ದ: ಉಸುರದೆ ಓದುವುದು.

"ಶಾಸ್ತ್ರಿಗಳನ್ನ ಕೇಳ್ಕೊಂಡು ಬಂದೀನಿ," ಎಂದಳು ಅವ್ವ. "ಇದು ನಾಲಿಗಿ ದೋಷ ಅಂತ. ತಾತನ ಪುಸ್ತಕಾನ ನಲವತ್ತೆಂಟು ದಿವ್ಸ ಓದಬೇಕಂತ. ಉಸುರದೆ ಓದಬೇಕಂತ ತಾತನೇ ಬರದಾನ ನೋಡು. ಉಸಿರು ಬಿಗಿ ಹಿಡಕೊಂಡು, ಒಂದು ಮಗ್ಗುಲು ಒಂದು ಉಸಿರಿನಾಗ. ಗಟ್ಟಿಯಾಗಿ ಬ್ಯಾಡ, ತುಟಿಯಾಗ ಓದಿದ್ರ ಸಾಕು."

"ಓದ್ತೀನಿ," ಎಂದೆ ಗೊಗ್ಗರು ದನಿಯಲ್ಲಿ.

ಅವ್ವನಿಗೆ ಆಶ್ಚರ್ಯವಾಯಿತು. ನಾನು ಜಗಳಾಡುತ್ತೇನೆಂದು ಇಡೀ ದಾರಿ ಉತ್ತರ ಕಟ್ಟಿಕೊಂಡು ಬಂದಿದ್ದಳೇನೋ. ನಾನು ಒಪ್ಪಿದ್ದು ಭಕ್ತಿಯಿಂದಲ್ಲ. ನಲವತ್ತೆಂಟು ದಿನ ಓದುವುದು, ಏನೂ ಗುಣವಾಗುವುದಿಲ್ಲ, ಆಮೇಲೆ ಅದೇ ಚಾವಡಿಯಲ್ಲಿ ನಿಂತು ಶಾಸ್ತ್ರಿಗಳ ಮಾತು ಸುಳ್ಳೆಂದು ತೋರಿಸುವುದು. ಹೀಗಿತ್ತು ನನ್ನ ಯೋಜನೆ. ಉಸುರದೆ ಎಂಬ ಶಬ್ದಕ್ಕೆ ಅವರು ಹೇಳಿದ ಅರ್ಥವನ್ನು ನಾನು ಕೇಳಲೇ ಇಲ್ಲ. ಆ ಅರ್ಥ ಮೂರ್ಖತನದ್ದಾಗಿತ್ತು, ಮೂರ್ಖತನವೇ ನನಗೆ ಬೇಕಾಗಿತ್ತು. ಹಾಗಾಗಿ ಅದನ್ನು ಮುಟ್ಟದೆ ಬಿಟ್ಟೆ.

ದಿನಾ ಬೆಳಗ್ಗೆ ಗೋಡೆಗೆ ಒರಗಿ ಕೂತು, ಎದೆ ತುಂಬ ಗಾಳಿ ಎಳೆದು, ಬಿಗಿ ಹಿಡಿದು, ಕಣ್ಣು ಕತ್ತಲೆಗಟ್ಟುವವರೆಗೆ ಓದುತ್ತಿದ್ದೆ. ಏನು ಓದಿದೆನೋ ಒಂದಕ್ಷರ ತಲೆಗೆ ಇಳಿಯಲಿಲ್ಲ. ಮೂವತ್ತೊಂದನೆಯ ದಿನ ಬಿಗಿ ಹಿಡಿದ ಉಸಿರು ಕೆಮ್ಮಾಗಿ ಒಡೆಯಿತು. ಕೆಮ್ಮಿನ ಜೊತೆ ಬಂದದ್ದು ಪುಟದ ಮೇಲೆ ಬಿತ್ತು. ತಾತನ ಕೆಂಪು ಮಸಿಗಿಂತ ಕೆಂಪಗಿತ್ತು. ಅವ್ವ ಸೆರಗಿನಿಂದ ಮೊದಲು ನನ್ನ ಬಾಯಿ ಒರೆಸಿದಳು, ಆಮೇಲೆ ಪುಸ್ತಕ. ಆ ಕ್ರಮವನ್ನು ನಾನು ಮರೆತಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬಾರದೇ ಇರಲು ಅದೊಂದೇ ಸಾಕಾಯಿತು.

ಬಳ್ಳಾರಿಯ ಕ್ಷಯದ ಆಸ್ಪತ್ರೆ ಊರ ಹೊರಗೆ. ಕಾಯುವವರ ಜಾಗ ಎಂದರೆ ಒಂದು ತಗಡಿನ ಮಾಡು, ಮೂರು ಬೆಂಚು. ಅಲ್ಲಿ ಯಾರೂ ಯಾರ ಊರನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತವನು ಕೆಮ್ಮಿದರೆ ನಾವು ಬೇರೆ ಕಡೆ ನೋಡಬೇಕು, ನಾವು ಕೆಮ್ಮಿದರೆ ಅವನು. ಅಷ್ಟು ಮರ್ಯಾದೆ ಅಲ್ಲಿ ತಾನಾಗಿ ಬೆಳೆದಿತ್ತು. ಊರಲ್ಲಿ ಎಲ್ಲೂ ಅದು ನನಗೆ ಸಿಕ್ಕಿರಲಿಲ್ಲ. ರೂಪನಗುಡಿಯ ಒಬ್ಬ ಮುದುಕಿ ಹೆಸರು ಕೂಗುವವರೆಗೂ ಸೊಸೆಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು. ಕಾಯಿಲೆ ಸೊಸೆಗೋ ಮುದುಕಿಗೋ ಕೊನೆಗೂ ಗೊತ್ತಾಗಲಿಲ್ಲ.

ಡಾಕ್ಟರು ಗುಂಟೂರಿನ ಕಡೆಯವರು. ತೆಲುಗಿನಲ್ಲಿ ಯೋಚಿಸಿ ಕನ್ನಡದಲ್ಲಿ ಬೈಯುತ್ತಿದ್ದರು. ಹಣೆಗೆ ಕನ್ನಡಿ ಕಟ್ಟಿಕೊಂಡು, ಬಿಸಿ ಮಾಡಿದ ಚಿಕ್ಕ ಕನ್ನಡಿಯನ್ನು ನನ್ನ ಬಾಯೊಳಗೆ ಇಳಿಸಿ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು ನೋಡಿದರು. ಬಹಳ ಹೊತ್ತು ನೋಡಿದರು.

"ಎದೆಯಲ್ಲಿ ಕ್ಷಯ ಉಂದಿ. ಗಂಟಲಿಗೂ ಇಳಿದಿದೆ," ಎಂದರು. "ಗಂಟಲೊಳಗೆ ಹುಣ್ಣು. ಆ ಹುಣ್ಣು ಮಾಯಬೇಕು ಅಂದರೆ ಒಂದೇ ಮಂದು. ಮೌನ. ಪಿಸುಮಾತೂ ಇಲ್ಲ. ನಾನು ಹೇಳುವ ತನಕ ಒಂದು ಅಕ್ಷರ ಬರಬಾರದು."

"ಎಷ್ಟ್ ದಿವ್ಸರೀ?" ಎಂದು ಅವ್ವ ಕೇಳಿದಳು.

"ಆರು ತಿಂಗಳು. ವರ್ಷ. ಮಾತಾಡಿದರೆ ದನಿ ಶಾಶ್ವತ ಹೋಗುತ್ತದೆ. ಆಮೇಲೆ ಅವನೂ."

ಅವ್ವ ಅಳುತ್ತಾಳೆಂದುಕೊಂಡೆ. ಅವಳು ಡಾಕ್ಟರಿಗೆ ಕೈಮುಗಿದು, "ಬ್ಯಾರೆ ಏನರ ಮದ್ದು ಕೊಡ್ರಿ ಸಾಹೇಬ್ರ. ಸುಮ್ಮಕಿರಾಕ ಅವನಿಗೆ ಬರಂಗಿಲ್ಲ," ಎಂದಳು.

ಡಾಕ್ಟರು ನಕ್ಕುಬಿಟ್ಟರು. ನಾನೂ ನಗಲು ಹೋದೆ. ನಗುವೂ ಕೂಡದು ಎಂದು ಬೆರಳೆತ್ತಿದರು. ಅಂದಿನಿಂದ ನನಗೆ ವಾರ್ಡಿನಲ್ಲಿ ಒಂದು ಮಂಚ, ಒಂದು ಸ್ಲೇಟು, ಒಂದು ಬಳಪ.

ಹದಿನೈದು ದಿನಕ್ಕೆ ಕುರುಗೋಡಿನಿಂದ ಚಿಕ್ಕಮ್ಮನ ಕಾಗದ ಬಂತು. ಅವಳು ಕೆಟ್ಟವಳಲ್ಲ, ಸುದ್ದಿ ಇದ್ದ ಹಾಗೆ ಬರೆಯುವವಳು. ಕುರುಗೋಡಿನಲ್ಲಿ ಶಾಸ್ತ್ರಿಗಳು ಈಗ ನನ್ನ ಕಥೆಯನ್ನು ಪುರಾಣದೊಳಗೆ ಸೇರಿಸಿದ್ದಾರಂತೆ. ದೇವರನ್ನು ಹಂಗಿಸಿದ ಸಿರುಗುಪ್ಪದ ಹುಡುಗ, ಮೂಕನಾದ ಹುಡುಗ. ಹೆಸರು ಹೇಳುವುದಿಲ್ಲವಂತೆ, ಹೇಳುವ ಅಗತ್ಯವೂ ಇಲ್ಲವಂತೆ. ಆ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಗಳು ಹರಿದವು. ಹೋಗಬಹುದಾಗಿದ್ದ ನನ್ನ ಪ್ರಾಣವನ್ನು ಆ ಬೇಸಿಗೆಯಲ್ಲಿ ಹಿಡಿದು ನಿಲ್ಲಿಸಿದ್ದು ಹಾಲು, ಮೊಟ್ಟೆ, ಮೀನೆಣ್ಣೆ ಎಂದು ಡಾಕ್ಟರು ತಿಳಿದಿದ್ದಾರೆ. ಅಲ್ಲ. ಆ ಕಾಗದ. ದನಿ ಬರಬೇಕು, ಆ ಚಾವಡಿಗೆ ಹೋಗಬೇಕು, ಅದೇ ಜನದ ಮುಂದೆ ಅವರನ್ನು ಮಾತಿಲ್ಲದಂತೆ ಮಾಡಬೇಕು. ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಆದ್ದರಿಂದ ಅವ್ವನಿಗೆ ಸ್ಲೇಟಿನ ಮೇಲೆ ಬರೆದು ತಾತನ ಪುಸ್ತಕ ತರಿಸಿಕೊಂಡೆ. ಅವಳು ಇದನ್ನು ಒಳ್ಳೆಯ ಬುದ್ಧಿ ಎಂದುಕೊಂಡಳು. ನಾನು ನೋಟುಬುಕ್ಕು ತೆರೆದು, ಶಾಸ್ತ್ರದ ಪ್ರತಿ ಮಾತಿಗೂ ಒಂದು ಖಂಡನೆ ಬರೆಯತೊಡಗಿದೆ. ಇಲ್ಲಿ ಶಿವ ಮಾತಿಗೆ ಸಿಕ್ಕುವುದಿಲ್ಲ ಎನ್ನುತ್ತೀರಿ, ಮತ್ತೆ ಮುನ್ನೂರು ಪುಟ ಯಾಕೆ? ಇಲ್ಲಿ ನೋಡುವವನೇ ನೋಟ ಎನ್ನುತ್ತೀರಿ, ಹಾಗಾದರೆ ಕುರುಡನ ಗತಿ? ಒಂದೊಂದನ್ನೂ ಶಾಸ್ತ್ರಿಗಳ ಮುಖಕ್ಕೆ ಎಸೆದ ಹಾಗೆ ಬರೆಯುತ್ತಿದ್ದೆ. ದಿನ ಹೋದದ್ದೇ ತಿಳಿಯುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಕನ್ನಡಿ ಇಳಿಸಿದರು. ಮುಖ ಗಂಟಿಕ್ಕಿತು.

"ನೀನು ಮಾತಾಡುತ್ತಿದ್ದೀ."

ಇಲ್ಲವೆಂದು ತಲೆಯಾಡಿಸಿದೆ.

"ಸುಳ್ಳು. ಎದೆ ಸುಧಾರಿಸಿದೆ, ಗಂಟಲು ಇದ್ದ ಹಾಗೇ ಇದೆ. ವಿಶ್ರಾಂತಿ ಸಿಕ್ಕ ಗಂಟಲಲ್ಲ ಇದು."

ಸ್ಲೇಟಿನ ಮೇಲೆ ಬಳಪ ಮುರಿಯುವ ಹಾಗೆ ಬರೆದೆ: ಒಂದು ಅಕ್ಷರ ಆಡಿಲ್ಲ. ಅವರು ನಂಬಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿ ವಾದ ಸೋತಿದ್ದೆ.

ನನ್ನ ಪಕ್ಕದ ಮಂಚದಲ್ಲಿ ಖಾದರ್ ಸಾಹೇಬರಿದ್ದರು. ಕೌಲ್ ಬಜಾರಿನಲ್ಲಿ ಕ್ಷೌರದ ಅಂಗಡಿ. ಐವತ್ತರ ವಯಸ್ಸು, ಮೂಳೆಯ ಮೇಲೆ ಚರ್ಮ, ಬಾಯಿ ಮಾತ್ರ ಮೂವರಿಗಾಗುವಷ್ಟು. ನಾನು ಆಡದ ಮಾತನ್ನೂ ತಾವೇ ಆಡಿ ವಾರ್ಡಿನ ಸಮತೂಕ ಕಾಯುತ್ತಿದ್ದರು. ನಾನು ಮಂಚಕ್ಕೆ ಬಂದು ಗೋಡೆ ಕಡೆ ಮುಖ ಮಾಡಿ ಬಿದ್ದುಕೊಂಡಾಗ ಅವರೆಂದರು:

"ಡಾಕ್ಟರ್ ಸಾಬ್ ಹೇಳಿದ್ದು ಬರಾಬರ್ ಐತಿ, ಪಂಡಿತಾ. ನೀ ಮಾತಾಡ್ತಿ."

ತಿರುಗಿ ಕೆಕ್ಕರಿಸಿದೆ.

"ಹಂಗ್ಯಾಕ ನೋಡ್ತಿ? ಮೂವತ್ತು ವರ್ಷ ಮಂದಿ ಕೊಳ್ಳಿನ ಮ್ಯಾಲ ಕತ್ತಿ ಆಡಿಸೀನಿ. ಬಾಯಿ ಮುಚ್ಚಿಕೊಂಡು ಕುಂತೋರೆಲ್ಲ ಸುಮ್ಮಕಿರ್ತಾರ ಅಂತ ತಿಳಿದಿ? ಒಬ್ಬಾವ ಹೆಂಡ್ತಿ ಜೋಡಿ ಜಗಳ ಆಡಿ ಬಂದಿರ್ತಾನ, ತುಟಿ ಪಿಟಿಕ್ ಅನ್ನಂಗಿಲ್ಲ, ಆದ್ರ ಇಲ್ಲಿ," ಎಂದು ತಮ್ಮ ಗಂಟಲ ಗಡ್ಡೆ ಮುಟ್ಟಿ ತೋರಿಸಿದರು, "ಇದು ಮ್ಯಾಲ ಕೆಳಗ, ಮ್ಯಾಲ ಕೆಳಗ. ಅಂಥಾವ್ರಿಗೆ ಕತ್ತಿ ಇಡಬಾರ್ದು, ಕೊಯ್ದು ಹೋಗ್ತೈತಿ. ನೀ ಆ ಕಿತಾಬು ತಗದ್ರ ಸಾಕು, ನಿಂದು ಮಗ್ಗದ ಲಾಳಿ ಓಡಿದಂಗ ಓಡ್ತೈತಿ. ಬೆಳ್ಳು ಇಟ್ಟು ನೋಡ್ಕ."

ಬೆರಳಿಟ್ಟು ನೋಡಿಕೊಂಡೆ. ಪುಸ್ತಕ ತೆರೆದೆ. ಮೊದಲ ಸಾಲು ಮುಗಿಯುವ ಮೊದಲೇ ಬೆರಳಿನ ಕೆಳಗೆ ಅದು ಎದ್ದಿತು, ಇಳಿಯಿತು, ಬಿಗಿಯಿತು. ತುಟಿ ಅಲ್ಲಾಡಿರಲಿಲ್ಲ, ದನಿ ಇರಲಿಲ್ಲ. ಆದರೂ ಗಂಟಲು ಶಾಸ್ತ್ರಿಗಳಿಗೆ ಉತ್ತರ ಕೊಡುತ್ತಿತ್ತು. ಮೂರು ತಿಂಗಳಿಂದ ಹಗಲೆಲ್ಲ ಕೊಟ್ಟುಕೊಂಡೇ ಇತ್ತು. ಆ ಮನುಷ್ಯ ಕುರುಗೋಡಿನಲ್ಲಿ ಊಟ ಮಾಡಿ ಎಲೆ ಹಾಕಿಕೊಂಡು ಕೂತಿದ್ದಾನೆ. ನಾನು ಇಲ್ಲಿ ಅವನ ಜೊತೆ ವಾದಿಸಿ ವಾದಿಸಿ ನನ್ನ ಹುಣ್ಣನ್ನು ನಾನೇ ಕೆರೆಯುತ್ತಿದ್ದೇನೆ. ಇದನ್ನು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ನನ್ನ ಗಂಟಲನ್ನೂ ಅವರು ಬಾಡಿಗೆಗೆ ಹಿಡಿದಿದ್ದಾರೆಂದು ಇನ್ನೂ ಹೆಚ್ಚಾಯಿತು.

ಅಂದಿನಿಂದ ಎಡಗೈಯ ಎರಡು ಬೆರಳು ಗಂಟಲ ಮೇಲೆ, ಬಲಗೈ ಪುಟದ ಮೇಲೆ. ಓದುವುದು, ಗಂಟಲು ಎದ್ದ ಕೂಡಲೇ ನಿಲ್ಲಿಸುವುದು, ಅದು ಕೂತ ಮೇಲೆ ಮತ್ತೆ ಅದೇ ಸಾಲು. ಮೊದಲ ವಾರ ಒಂದು ದಿನಕ್ಕೆ ಒಂದು ಸಾಲು ದಾಟಲಿಲ್ಲ. ಒಳಗೆ ದನಿಯಿಲ್ಲದೆ ಓದುವುದು ಎಂದರೆ ಕಾಲಿಲ್ಲದೆ ನಡೆಯುವ ಹಾಗೆ. ಆಮೇಲೆ ಯಾವಾಗಲೋ ಒಂದು ಸಾಲು ಕಣ್ಣಿನಿಂದ ಒಳಗೆ ಹೋಯಿತು, ಗಂಟಲು ಏಳಲಿಲ್ಲ, ಆದರೂ ಅರ್ಥ ಬಂದಿತ್ತು. ಆ ಅರ್ಥಕ್ಕೆ ನನ್ನ ಬಳಿ ಖಂಡನೆ ಇರಲಿಲ್ಲ. ಖಂಡನೆ ಮಾಡುವವನು ಅಷ್ಟು ಹೊತ್ತು ಅಲ್ಲಿರಲಿಲ್ಲ, ಅಷ್ಟೇ.

ನಾನು ದೇವರನ್ನು ಕಂಡೆನೆಂದು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಈಗಲೂ ನಾನು ಮೂರು ಪ್ರಶ್ನೆ ಕೇಳದೆ ಬಿಡುವುದಿಲ್ಲ. ನಾನು ಕಂಡದ್ದು ಚಿಕ್ಕದು. ಮಾತು ಹುಟ್ಟುವ ಮೊದಲು ಗಂಟಲಿನಲ್ಲಿ ಒಂದು ಬಿಗಿ ಹುಟ್ಟುತ್ತದೆ, ಬಾವಿಯ ಹಗ್ಗ ಕೊಡ ಎತ್ತುವ ಮುಂಚೆ ಬಿಗಿಯುವ ಹಾಗೆ. ಆ ಬಿಗಿಯನ್ನು ನೋಡುತ್ತ ಕೂತರೆ ಅದು ತಾನಾಗಿ ಸಡಿಲುತ್ತದೆ. ಶಾಸ್ತ್ರ ಮುನ್ನೂರು ಪುಟದಲ್ಲಿ ನೋಡು, ನೋಡು ಎಂದು ಹೇಳುತ್ತಿದ್ದದ್ದು ಇದನ್ನೇ ಇರಬಹುದೆಂದು ಅನುಮಾನ ಬಂದಾಗ ನನಗೆ ಸಂತೋಷವಾಗಲಿಲ್ಲ. ಎದುರಾಳಿಯ ಕಡೆಯ ಸಾಕ್ಷಿ ನಿಜ ಹೇಳಿದಾಗ ಆಗುವ ಕಿರಿಕಿರಿ ಆಯಿತು.

ಅವ್ವನಿಂದ ಕಥೆಯನ್ನೆಲ್ಲ ಕೇಳಿದ್ದ ಖಾದರ್ ಸಾಹೇಬರು ದಿನಾ ಪರೀಕ್ಷೆ ಮಾಡುತ್ತಿದ್ದರು. ಮಂಚದಿಂದಲೇ ಕುತ್ತಿಗೆ ಚಾಚಿ ನೋಡಿ, "ಇವತ್ತು ಕತ್ತಿ ಇಡಬೌದು," ಎನ್ನುತ್ತಿದ್ದರು, ಇಲ್ಲವೇ, "ಇವತ್ತು ಬ್ಯಾಡಪ, ಶಾಸ್ತ್ರಿ ಬಂದು ಕುಂತಾನ."

ಅವ್ವ ತಿಂಗಳಿಗೊಮ್ಮೆ ಬರುತ್ತಿದ್ದಳು. ಒಂದು ಸಲ ಬಂದವಳು ಬುಟ್ಟಿ ಇಳಿಸುವ ಮೊದಲೇ ಅತ್ತಿತ್ತ ನೋಡಿ ಹತ್ತಿರ ಬಗ್ಗಿದಳು. ನನ್ನ ಅಕ್ಕನನ್ನು ತೆಕ್ಕಲಕೋಟೆಗೆ ಕೊಟ್ಟಿದೆ. ಅವಳ ಅತ್ತೆ ಮನೆಯವರು ನನ್ನನ್ನು ನೋಡಲು ಬರುತ್ತಿದ್ದಾರಂತೆ.

"ಬರೇ ಗಂಟಲು ಬ್ಯಾನಿ ಅಂತ ಹೇಳೀನಿ. ಅವರ ಮುಂದ ಕ್ಷಯ ಅಂತ ಏನೂ ಉಸುರಬ್ಯಾಡ ಮತ್ತ."

ಪಕ್ಕದ ಮಂಚದಲ್ಲಿ ಖಾದರ್ ಸಾಹೇಬರು ನಗಲು ಹೋಗಿ ಕೆಮ್ಮಿದರು. "ಯಾರಿಗೆ ಹೇಳಾಕ ಹತ್ತೀ ತಾಯೀ, ಏಳು ತಿಂಗಳಿಂದ ಬಾಯಿ ಬಿಟ್ಟಿಲ್ಲ ಅವ."

ನಾನು ನಗಲಿಲ್ಲ. ಸ್ಲೇಟು ತೆಗೆದು ಬರೆದೆ: ಉಸುರಬ್ಯಾಡ ಅಂದರೆ ಏನು?

ಅವ್ವ ಮೂರನೆಯ ಇಯತ್ತೆಯವರೆಗೆ ಓದಿದವಳು. ಅಕ್ಷರ ಕೂಡಿಸಿ ಓದಿದಳು. "ಹುಚ್ಚಪ್ಪ. ಉಸುರಬ್ಯಾಡ ಅಂದ್ರ ಹೇಳಬ್ಯಾಡ, ಬಾಯಿ ಬಿಡಬ್ಯಾಡ ಅಂತ."

ನಾನು ತಾತನ ಪುಸ್ತಕದ ಮೊದಲ ಪುಟ ತೆರೆದು, ಕೆಂಪು ಮಸಿಯ ಮೇಲೆ ಬೆರಳಿಟ್ಟು ಅವಳ ಮುಂದೆ ಹಿಡಿದೆ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಅವಳ ಕೈ ಬುಟ್ಟಿಯ ಹಿಡಿಕೆಯ ಮೇಲೆ ಹಾಗೇ ನಿಂತಿತು.

"ಬಾಯಾಗ ಅನ್ನದಂಗ ಓದು," ಎಂದಳು. "ಅಪ್ಪ ಹಂಗ ಓದ್ತಿದ್ದ. ನಾ ನೋಡೀನಿ. ಪುಸ್ತಕದ ಮುಂದ ಕುಂತ್ರ ಕಲ್ಲು ಕುಂತಂಗ ಕುಂತಿರ್ತಿದ್ದ, ತುಟಿ ಗಂಟಲು ಏನೂ ಅಲ್ಲಾಡ್ತಿರಲಿಲ್ಲ." ಆಮೇಲೆ ಅಂದಳು: "ದಿನಾ ಆಡೋ ಮಾತು ನೋಡು. ಪುಸ್ತಕದಾಗಿನ ಮಾತಿಗೂ ಮನಿಯಾಗಿನ ಮಾತಿಗೂ ಒಂದ ಅರ್ಥ ಇರತೈತಿ ಅಂತ ನನಗ ತಿಳೀಲಿಲ್ಲ."

ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಅವಳಿಗೆ ತಿಳಿಯಲಿಲ್ಲ, ಸರಿ. ಮೂವತ್ತು ವರ್ಷ ಮಣೆಯ ಮೇಲೆ ಕೂತು ಶಬ್ದಗಳಿಗೆ ಅರ್ಥ ಹೇಳಿದ ಶಾಸ್ತ್ರಿಗಳಿಗೆ? ಎರಡು ಕಪ್ಪು ಗೆದ್ದ ನನಗೆ? ಉಸಿರಿಲ್ಲದೆ ಎಂಬುದು ದೊಡ್ಡ ಅರ್ಥ, ಸಾಧನೆಯ ಅರ್ಥ, ಕೇಳಿದವರು ತಲೆದೂಗುವ ಅರ್ಥ. ಸದ್ದು ಮಾಡದೆ ಎಂಬುದು ಅಡುಗೆಮನೆಯ ಅರ್ಥ. ಶಾಸ್ತ್ರಿಗಳು ದೊಡ್ಡದನ್ನು ಆರಿಸಿಕೊಂಡರು, ನನ್ನ ಎದೆ ಒಡೆಯಿತು. ತಾತ ಹೇಳಿದ್ದು ಸರಿಯಾಗಿತ್ತು ಎಂಬುದು ನನಗೆ ಅಂದು ಸಮಾಧಾನ ಕೊಡಲಿಲ್ಲ. ಶಾಸ್ತ್ರಿಗಳು ಹೇಳಿದ್ದು ತಪ್ಪಾಗಿತ್ತು ಎಂಬುದು ಕೊಟ್ಟಿತು, ಬೇಕಾದಷ್ಟು. ಮುನ್ನೂರು ಪುಟದ ಖಂಡನೆಯ ನೋಟುಬುಕ್ಕನ್ನು ಮುಚ್ಚಿಟ್ಟೆ. ಒಂದು ಶಬ್ದ ಸಿಕ್ಕಿತ್ತು.

ಆ ಮಳೆಗಾಲದ ಕೊನೆಗೆ ಹೊಸ ಚುಚ್ಚುಮದ್ದು ಬಂತು. ಮದರಾಸಿನಿಂದ ಸ್ವಲ್ಪವೇ ಬಂದಿತ್ತು. ಬದುಕಬಹುದಾದವರಿಗೆ ಮೊದಲು ಎಂದು ಡಾಕ್ಟರು ಆರಿಸಬೇಕಾಯಿತು. ನನ್ನ ಹೆಸರು ಬಂತು, ಖಾದರ್ ಸಾಹೇಬರದು ಬರಲಿಲ್ಲ. ನನ್ನ ಕಿವಿಯಲ್ಲಿ ಸದಾ ಜೀರುಂಡೆ ಕೂಗುತ್ತಿತ್ತು, ನಿಂತರೆ ನೆಲ ವಾಲುತ್ತಿತ್ತು, ಆದರೆ ಜ್ವರ ಇಳಿಯಿತು. ಅವರದು ಏರಿತು. ಒಂದು ಮಧ್ಯಾಹ್ನ ಮನೆಯಿಂದ ತಮ್ಮ ಕತ್ತಿ ತರಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಕೈ ನಡುಗುತ್ತಿತ್ತು. ನಾನು ಬೇಡವೆಂದು ತಲೆಯಾಡಿಸಿದೆ.

"ಸುಮ್ಮಕಿರು. ಒಳಗೂ ಸುಮ್ಮಕಿರು. ಕೈ ನಂದು ನಡಗ್ತೈತಿ, ಕೊಳ್ಳು ನಿಂದು ನಡಗಬಾರ್ದು."

ಗಲ್ಲದ ಕೆಳಗೆ ಕತ್ತಿ ಬಂದಾಗ ನಾನು ಗಂಟಲನ್ನು ನೋಡುತ್ತ ಕೂತೆ. ಅಷ್ಟು ನಿಶ್ಚಲವಾಗಿ ನಾನು ಮತ್ತೆಂದೂ ಕೂತಿಲ್ಲ. ಒಂದು ಗೀರೂ ಆಗಲಿಲ್ಲ. ಕತ್ತಿ ಒರೆಸುತ್ತ, "ಪಾಸಾದಿ," ಎಂದರು. ಒಂಬತ್ತು ದಿನದ ಮೇಲೆ ಆ ಮಂಚಕ್ಕೆ ಬೇರೆ ಚಾದರ ಬಂತು. ಈ ಲೆಕ್ಕವನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ನನಗೆ ಇಂದಿಗೂ ಗೊತ್ತಾಗಿಲ್ಲ. ಡಾಕ್ಟರ ಮೇಲಲ್ಲ, ಅಂದು ಅವರು ಸುತ್ತು ಬಂದಾಗ ಆ ಮಂಚದ ಮುಂದೆ ನಿಂತದ್ದನ್ನು ನೋಡಿದ್ದೇನೆ.

ಹದಿನಾಲ್ಕನೆಯ ತಿಂಗಳು ಡಾಕ್ಟರು ಕನ್ನಡಿ ಇಳಿಸಿ, "ಈ ಅನ್ನು," ಎಂದರು. ಅಂದೆ. ಹೊರಗೆ ಕೂತಿದ್ದ ಅವ್ವ ಒಳಗೆ ಆಡಿನ ಮರಿ ಬಂದಿದೆಯೆಂದುಕೊಂಡಳಂತೆ. ಹುಣ್ಣು ಮಾದಿತ್ತು. ದಿನಕ್ಕೆ ಕಾಲು ಗಂಟೆ, ಮೆಲುದನಿಯಲ್ಲಿ ಎಂದು ಡಾಕ್ಟರು ಅಪ್ಪಣೆ ಕೊಟ್ಟರು. ನಾನು ಆ ಕಾಲು ಗಂಟೆಯನ್ನು ಎಲ್ಲಿ ಖರ್ಚು ಮಾಡಬೇಕೆಂದು ಆಗಲೇ ನಿಶ್ಚಯಿಸಿದ್ದೆ.

ಶ್ರಾವಣ ಬರುವವರೆಗೆ ಕಾದೆ. ಅವ್ವ ಬೇಡವೆಂದಳು, ಆಮೇಲೆ ತಾನೂ ಬರುತ್ತೇನೆಂದಳು. ಕುರುಗೋಡಿನ ಚಾವಡಿ ಹಾಗೇ ಇತ್ತು. ಮಧ್ಯಾಹ್ನದ ಪುರಾಣ, ಅದೇ ಮಣೆ, ಅದೇ ಕಂಚಿನ ಕಂಠ. ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಅವರು ಪುಟ ತಿರುವಲು ನಿಲ್ಲಿಸಿದಾಗ ಪುಸ್ತಕ ಹಿಡಿದು ಮುಂದೆ ಹೋದೆ. ನನ್ನ ದನಿ ಮೂರನೆಯ ಸಾಲಿಗೂ ಮುಟ್ಟುವಂತಿರಲಿಲ್ಲ. ಆದ್ದರಿಂದಲೇ ಇಡೀ ಚಾವಡಿ ಸದ್ದಡಗಿಸಿ ಕಿವಿಗೊಟ್ಟಿತು.

"ಶಾಸ್ತ್ರಿಗಳ, ಒಂದು ಮಾತು ಕೇಳ್ಲೇನ್ರಿ?"

"ಕೇಳಪ. ಯಾವೂರು ನಿಂದು?"

ಅವರಿಗೆ ನನ್ನ ಗುರುತು ಸಿಕ್ಕಲಿಲ್ಲ. ಇದಕ್ಕೆ ಮಾತ್ರ ನಾನು ತಯಾರಾಗಿರಲಿಲ್ಲ. ನನ್ನ ಕಥೆಯನ್ನು ನೂರು ಸಲ ಹೇಳಿದವರು ನನ್ನನ್ನು ನೋಡಿಯೇ ಇರಲಿಲ್ಲ.

"ಈ ಕೆಂಪು ಅಕ್ಷರದ ಅರ್ಥ ಹೇಳಬೇಕ್ರಿ."

ಕನ್ನಡಕ ಒರೆಸಿ ಓದಿದರು. ಮುಖ ಅರಳಿತು, ಸಭೆಯ ಕಡೆ ತಿರುಗಿದರು. "ಉಸುರದೆ ಓದುವುದು. ಅಂದ್ರ, ಉಸಿರಿಲ್ಲದೆ. ಉಸಿರಾಟ ನಿಲ್ಲಿಸಿ ಓದಿದಾಗ ಮಾತ್ರ ಶಾಸ್ತ್ರ ಒಳಗ ಇಳಿತೈತಿ. ಹಿಂದಿನೋರ ಸಾಧನಾ ಅಂಥಾದ್ದು."

ಜನ ತಲೆದೂಗಿದರು.

"ನಾ ಹದಿನಾಲ್ಕು ತಿಂಗಳು ಉಸುರದೆ ಓದೀನ್ರಿ," ಎಂದೆ. "ಸತ್ತಿಲ್ಲ."

ಹೆಂಗಸರ ಕಡೆಯಿಂದ, ಎರಡು ವರ್ಷದ ಹಿಂದೆ ಬಂದಂತೆಯೇ, ನಗು ಬಂತು. ಒಬ್ಬಳು ಇನ್ನೊಬ್ಬಳಿಗೆ, "ಉಸುರಬ್ಯಾಡ ಅಂದ್ರ ಬಾಯಿ ಮುಚ್ಚು ಅಂತ ಅಲ್ಲೇನವಾ," ಎಂದಳು. ನಗು ಚಾವಡಿಯ ತುಂಬ ಹಬ್ಬಿತು.

ಶಾಸ್ತ್ರಿಗಳು ನಗಲಿಲ್ಲ. ಪುಸ್ತಕವನ್ನು ಹತ್ತಿರ ತಂದುಕೊಂಡು ಪುಟ ತಿರುವಿದರು. ಒಣಗಿ ಕಂದಾಗಿದ್ದ ದೊಡ್ಡ ಕಲೆಯ ಮೇಲೆ ಬೆರಳಾಡಿಸಿದರು.

"ಇದೇನು ಕಲಿ?"

"ನೀವು ಹೇಳಿದ ಅರ್ಥ್ರಿ," ಎಂದೆ.

ಆಗ ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಹಿಂದೆ ನಿಂತಿದ್ದ ಅವ್ವನ ಮುಖ. ಗುರುತು ಹತ್ತಿತು. ಕಂಚಿನ ಕಂಠದಿಂದ ಏನೂ ಬರಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, ತಮ್ಮ ಗ್ರಂಥವನ್ನು ಬಟ್ಟೆಯಲ್ಲಿ ಕಟ್ಟಿ, ಮಣೆಯಿಂದ ಇಳಿದರು. ಅಂದು ಪುರಾಣ ಮುಂದುವರಿಯಲಿಲ್ಲ. ಆ ಸುಖವನ್ನು ನಾನು ಸುಳ್ಳೆನ್ನುವುದಿಲ್ಲ. ಬಿಸಿಲಿನಲ್ಲಿ ನಡೆದು ಬಂದವನಿಗೆ ಮಡಕೆಯ ನೀರು ಇಳಿದ ಹಾಗೆ ಇಳಿಯಿತು.

ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಳು. ಊರು ದಾಟಿದ ಮೇಲೆ ಕೇಳಿದಳು:

"ಆತೇನು? ಸಮಾಧಾನ ಆತು?"

ಆಯಿತೆಂದು ಹೇಳಲು ಹೊರಟವನು ಅಭ್ಯಾಸದಿಂದ ಗಂಟಲಿನ ಮೇಲೆ ಬೆರಳಿಟ್ಟೆ. ಲಾಳಿ ಓಡುತ್ತಿತ್ತು. ಅಲ್ಲಿ ಇನ್ನೊಂದು ಮಾತು ಹೇಳಬೇಕಿತ್ತು, ಮಣೆಯಿಂದ ಇಳಿಯುವಾಗ ಇನ್ನೊಂದು ಏಟು ಕೊಡಬೇಕಿತ್ತು, ಹೀಗೆ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಬೆರಳಿನ ಕೆಳಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಚಾವಡಿ ಖಾಲಿಯಾಗಿತ್ತು, ನನ್ನೊಳಗೆ ಸಭೆ ಇನ್ನೂ ಕೂತಿತ್ತು.

ಅವ್ವ ನನ್ನ ಬೆರಳನ್ನು ನೋಡಿದಳು. ಒಂದು ವರ್ಷದಲ್ಲಿ ಅವಳಿಗೂ ಈ ವಿದ್ಯೆ ಬಂದಿತ್ತು. ತಾತನ ಪುಸ್ತಕವನ್ನು ನನ್ನ ಮಡಿಲಿನಿಂದ ತೆಗೆದು, ತೆರೆದು, ಮತ್ತೆ ನನ್ನ ಮಡಿಲಿಗಿಟ್ಟಳು.

"ನಿನ್ನ ಕಾಲು ಗಂಟೆ ಮುಗೀತು," ಎಂದಳು. "ಇನ್ನ ಉಸುರಬ್ಯಾಡ."

ತೆಕ್ಕಲಕೋಟೆ ಬರುವವರೆಗೆ ಆ ಪುಟದ ಒಂದೇ ಸಾಲನ್ನು ಓದುತ್ತಿದ್ದೆ, ಎರಡು ಬೆರಳು ಗಂಟಲ ಮೇಲೆ ಇಟ್ಟುಕೊಂಡು.